ಪದ್ಮಣ್ಣ ಮಾಸ್ತರರ ರೈಟು

ನಿನ್ನೆ ಹುಕ್ಕೇರಿಯ ತಹಶೀಲ್ದಾರ ಕಚೇರಿಯಲ್ಲಿ ಚುನಾವಣೆಯ ಸಾಮಾನು ಬಿಚ್ಚುತ್ತಿದ್ದೆವು. ನೇರಳೆ ಬಣ್ಣದ ಸ್ಕೆಚ್ ಪೆನ್ನುಗಳ ಡಬ್ಬಿ ನನ್ನ ಪಾಲಿಗೆ ಬಂತು. ಬರೆಯುತ್ತವೋ ಇಲ್ಲವೋ ನೋಡೋಣವೆಂದು ರದ್ದಿ ಕಾಗದದ ಮೇಲೆ ಒಂದು ರೈಟ್ ಎಳೆದೆ. ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಪದ್ಮಣ್ಣ ಮಾಸ್ತರರು ನೆನಪಾದರು.

ಇದು ಶಿಕ್ಷಕರ ಕ್ಷೇತ್ರದ ಚುನಾವಣೆ. ನಿಮಗೆ ಗೊತ್ತಿರಲಿಕ್ಕಿಲ್ಲ, ತಪ್ಪೇನಿಲ್ಲ. ಶಿಕ್ಷಕರಲ್ಲದವರು ಇದರ ಗೊಡವೆಗೆ ಹೋಗುವುದು ಕಡಿಮೆ. ಮೂರು ಜಿಲ್ಲೆಗಳ ಹೈಸ್ಕೂಲು, ಕಾಲೇಜು ಮಾಸ್ತರರೆಲ್ಲ ಸೇರಿ ವಿಧಾನ ಪರಿಷತ್ತಿಗೆ ಒಬ್ಬರನ್ನು ಆರಿಸುತ್ತಾರೆ. ಮೊಹರು ಒತ್ತುವಂತಿಲ್ಲ, ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕು. "ನಮ್ಮ ಕ್ಷೇತ್ರಕ್ಕ ಊರ ಇಲ್ಲಪಾ. ಬೋರ್ಡಿನ ಮುಂದ ನಿಂತವ್ರೆಲ್ಲಾ ಒಂದ ಊರಿನವ್ರು" ಎನ್ನುತ್ತಿದ್ದರು ಮಾಸ್ತರರು.

ತುಕ್ಕಾನಟ್ಟಿಯ ಹೈಸ್ಕೂಲಿನಲ್ಲಿ ನಮಗೆ ಗಣಿತ ಕಲಿಸಿದವರು ಅವರು. ಅವರ ರೈಟಿಗೆ ಉದ್ದನೆಯ ಬಾಲ, ಬಾಲದ ಕೆಳಗೊಂದು ಚುಕ್ಕೆ. ಚುಕ್ಕೆ ಇದ್ದರೆ ಲೆಕ್ಕವನ್ನು ಎರಡು ಸಲ ನೋಡಿದ್ದಾರೆಂದು ಅರ್ಥ. ನನ್ನ ನೋಟುಬುಕ್ಕಿಗೆ ಅದು ಬರುತ್ತಿದ್ದದ್ದು ಅಪರೂಪ. ಅದಕ್ಕೇ ನಾವು ಹುಡುಗರು ಮನೆಯಲ್ಲಿ ಕೂತು ಆ ರೈಟನ್ನೇ ತಿದ್ದಿ ತಿದ್ದಿ ಕಲಿತು, ನಮ್ಮ ಲೆಕ್ಕಗಳಿಗೆ ನಾವೇ ಹಾಕಿಕೊಂಡು ಅಪ್ಪನಿಗೆ ತೋರಿಸಿದ್ದೂ ಉಂಟು. ಇಷ್ಟು ಜಾಣತನದ ಮೇಲೂ ನಾನು ಮಾಸ್ತರನಾಗಲಿಲ್ಲ, ಗುಮಾಸ್ತನಾದೆ.

ಎರಡು ಸಾವಿರದ ಇಸವಿಯ ಆಚೀಚೆ ಅವರ ನಿವೃತ್ತಿ ಹತ್ತಿರ ಬಂದಿತ್ತು. ಶಿಕ್ಷಕರಾಗಿ ಅದೇ ಕೊನೆಯ ಓಟು. "ನಾ ಹೋದ ಮ್ಯಾಲ ಸಾಲ್ಯಾಗ ಗಣಿತಕ್ಕ ಯಾರೂ ಇರೂದಿಲ್ಲ. ಅದನ್ನ ಪರಿಷತ್ತಿನ್ಯಾಗ ಎದ್ದ ನಿಂತ ಕೇಳಾಂವ ಒಬ್ಬಾಂವ ಬೇಕು" ಎಂದು ತಮಗೆ ನಂಬಿಕೆಯಿದ್ದ ಅಭ್ಯರ್ಥಿಯ ಪರವಾಗಿ ಮೂಡಲಗಿಯಿಂದ ದಡ್ಡಿಯವರೆಗೆ ಲೂನಾ ಓಡಿಸಿದರು. ಹೋದ ಶಾಲೆಯಲ್ಲೆಲ್ಲ ಒಂದೇ ಪಾಠ: "ಅಂಕಿ ಅಷ್ಟ ಬರೀರಿ. ಬ್ಯಾರೆ ಏನರ ಗೀಚಿದ್ರ ಓಟ ರದ್ದ ಆಗತೈತ್ರಿ."

ಎಣಿಕೆಗೆ ನನ್ನನ್ನು ಬೆಳಗಾವಿಗೆ ಹಾಕಿದ್ದರು. ಮೂರೂ ಜಿಲ್ಲೆಗಳ ಚೀಟಿಗಳನ್ನು ಬೆರೆಸಿ ಕಟ್ಟು ಕಟ್ಟಿ ಕೊಡುತ್ತಾರೆ. ಮಧ್ಯಾಹ್ನದ ಚಹಾ ಬರುವ ಹೊತ್ತಿಗೆ ಒಂದು ಚೀಟಿ ಕೈಗೆ ಬಂತು. ಮಾಸ್ತರರ ಅಭ್ಯರ್ಥಿಯ ಮುಂದೆ ದುಂಡನೆಯ ಒಂದರ ಅಂಕಿ. ಅದರ ಪಕ್ಕದಲ್ಲೇ ರೈಟು. ಉದ್ದನೆಯ ಬಾಲ, ಕೆಳಗೆ ಚುಕ್ಕೆ.

ಬರೆದದ್ದನ್ನು ಎರಡು ಸಲ ನೋಡಿ ರೈಟ್ ಹಾಕಿದ ಕೈ ಅದು. ಸರಿಯಾದ ಮತಗಳ ಕಟ್ಟಿಗೆ ತಳ್ಳಿಬಿಡಲೇ ಎನಿಸಿತು. ತಳ್ಳಲಿಲ್ಲ, ಅನುಮಾನದ ಟ್ರೇಗೆ ಹಾಕಿದೆ. ಅಧಿಕಾರಿ ಎತ್ತಿ ನೋಡಿ, ಓಟು ಹಾಕಿದವರ ಗುರುತು ಸಿಗುವಂಥ ಚಿಹ್ನೆ ಇದ್ದರೆ ರದ್ದು ಎಂಬ ನಿಯಮ ಓದಿದರು.

"ಒಂದ ರೈಟಿನಿಂದ ಯಾರ ಗುರ್ತ ಸಿಗತೈತ್ರಿ ಸಾಹೇಬ್ರ?" ಎಂದ ಆ ಅಭ್ಯರ್ಥಿಯ ಏಜೆಂಟ. ಮೇಜಿನವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ಕೂತೆ. ಚೀಟಿ ಕುಲಗೆಟ್ಟ ಮತಗಳ ಕಟ್ಟಿಗೆ ಸೇರಿತು. ಆ ಅಭ್ಯರ್ಥಿ ಕೂದಲೆಳೆಯಲ್ಲಿ ಸೋತರು. ಒಂದು ಓಟಿನಿಂದ ಗೆಲ್ಲುತ್ತಿರಲಿಲ್ಲ, ಬಲ್ಲೆ. ಆದರೂ ಗುರುವಿನ ಕೊನೆಯ ಓಟನ್ನು ನನ್ನ ಕೈಯಾರೆ ತೆಗೆದಿಟ್ಟ ಸಂಕಟ ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಮುಂದೊಂದು ಭಾನುವಾರ ಕೊಣ್ಣೂರಿನ ಅವರ ಮನೆಗೆ ಹೋಗಿದ್ದೆ. "ರದ್ದ ಆದ ಓಟು ಭಾಳ ಇದ್ವೇನು?" ಎಂದರು.

"ಇದ್ವುರಿ ಸರ್."

"ಕಲತ ಮಂದಿ, ಏನ್ ಹೇಳೂದು" ಎಂದವರು ನನ್ನ ಮುಖ ನೋಡಿದರು. "ನಂದೂ ಒಂದ ಇತ್ತೇನು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಮಾಡಿದರು. "ಹೇಳಬ್ಯಾಡ. ಓಟಿನ ಗುಟ್ಟ ಕಾಯತೇನಿ ಅಂತ ಸಹಿ ಮಾಡೀದಿ. ಚಹಾ ಕುಡಿ."

ಇದನ್ನೆಲ್ಲ ನೆನೆಯುತ್ತ ಪೆನ್ನಿಗೆ ಟೋಪಿ ಹಾಕಿದೆ. ಆಗ ಕಣ್ಣು ಆ ರದ್ದಿ ಕಾಗದದ ಮೇಲೆ ಬಿತ್ತು. ಪರೀಕ್ಷೆಗೆಂದು ನಾನೇ ಎಳೆದ ರೈಟು. ಅದಕ್ಕೂ ಉದ್ದನೆಯ ಬಾಲ, ಬಾಲದ ಕೆಳಗೊಂದು ಚುಕ್ಕೆ.

ನನ್ನ ಜೊತೆ ಕೂತು ಅದನ್ನು ತಿದ್ದಿ ಕಲಿತವರಲ್ಲಿ ಎಷ್ಟೋ ಮಂದಿ ಮಾಸ್ತರರಾಗಿ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದ್ದಾರೆ. ಅಂದು ನನ್ನ ಕೈಗೆ ಬಂದ ಚೀಟಿ ಅವರಲ್ಲಿ ಯಾರದೋ.