ಹೃದಯಾಘಾತ ಅಲ್ಲ ಎಂದ ಅಕ್ಕ

ಕೆಳಮನೆಯ ಅಕ್ಕನ ಎಡಹುಬ್ಬು ನಡುವೆ ಕಡಿದು ಎರಡು ತುಂಡಾಗಿತ್ತು. ಪ್ರಾಯದಲ್ಲಿ ಕಳವಾ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಲೋಕಲ್ ರೈಲಿನ ಬಾಗಿಲ ಕಂಬಕ್ಕೆ ಬಡಿದು ಆದ ಗಾಯವಂತೆ. ಆ ಜಾಗದಲ್ಲಿ ಮತ್ತೆ ಕೂದಲು ಬರಲಿಲ್ಲ. ಅವರು ಸುಮ್ಮನೆ ನೋಡಿದರೂ ಏನನ್ನೋ ಕೇಳುತ್ತಿದ್ದಾರೆ ಅನಿಸುತ್ತಿತ್ತು.

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕನ್ನಡದವರೆಂದರೆ ನಾವು ಮತ್ತು ಅವರು. ನಾನು ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳು. ಅವರು ಉಡುಪಿಯವರು, ಮನೆಯೊಳಗೆ ತುಳು. ಗಂಡ ಮಾಜಿವಾಡಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಮಗ ಮಹಾಪೆಯಲ್ಲಿ ಕೆಲಸಕ್ಕಿದ್ದ, ಮಗಳು ಆಗಿನ್ನೂ ಕಾಲೇಜು. ಮೊದಲ ಸಲ ನನ್ನ ಕನ್ನಡ ಕೇಳಿ, "ನೀನು ಮಾತಾಡ್ತಾ ಇದ್ದೀಯಾ, ಜಗಳ ಮಾಡ್ತಾ ಇದ್ದೀಯಾ ಅಂತಲೇ ಗೊತ್ತಾಗುದಿಲ್ಲ ಮಾರಾಯ್ತಿ" ಎಂದು ನಕ್ಕಿದ್ದರು. ಯಾರ ಮನೆಗೆ ಹೋದರೂ ಅವರು ಸೋಫಾದ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ನೇರ ಅಡುಗೆಮನೆಗೆ ನಡೆದು, ನೆಲದ ಮೇಲೆ ಕೂತು, ಕೈಗೆ ಸಿಕ್ಕಿದ ಮೆಂತ್ಯಸೊಪ್ಪನ್ನೋ ಬಟಾಣಿಯನ್ನೋ ಬಿಡಿಸುತ್ತ ಮಾತಾಡುತ್ತಿದ್ದರು.

ಆ ಮಳೆಗಾಲ ಅವರ ಮಗ ಇದ್ದಕ್ಕಿದ್ದಂತೆ ಇಳಿದುಹೋದ. ಊಟ ಬೇಡ, ನಿದ್ದೆ ಇಲ್ಲ. "ಥಕ್ ಗಯಾ ಮಮ್ಮಿ", ಸುಸ್ತಾಗಿಹೋಗಿದೆ ಎನ್ನುತ್ತಿದ್ದನಂತೆ. ಸ್ಟೇಷನ್ ಹತ್ತಿರದ ಡಾಕ್ಟರು ಪರೀಕ್ಷೆ ಮಾಡಿ, ಮನೋವೈದ್ಯರಿಗೆ ತೋರಿಸಿ ಎಂದರು. ನಾಳೆ ಮಗಳಿಗೆ ಸಂಬಂಧ ನೋಡುವಾಗ ಈ ಸುದ್ದಿ ಅಡ್ಡ ಬರುತ್ತದೆ ಎಂದು ಗಂಡ ಒಪ್ಪಲಿಲ್ಲ. ಅಕ್ಕನೂ ಹಟ ಮಾಡಲಿಲ್ಲ. ಊರಿಗೆ ಕರೆದೊಯ್ದು ಪೂಜೆ ಮಾಡಿಸಿದರು. ಕೊರಳಿಗೆ ತಾಯಿತ ಬಂತು. ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂದರು ನೆಂಟರು. ದೀಪಾವಳಿಗೆ ಮೊದಲು, ಒಂದು ಸಂಜೆ, ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡ.

ಸಂತಾಪ ಸಭೆ ನಡೆದದ್ದು ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ. ಹಿರಿಯರೊಬ್ಬರು ಎದ್ದು, "ಹಠಾತ್ ಹೃದಯಾಘಾತದಿಂದ ನಮ್ಮನ್ನಗಲಿದ..." ಎಂದು ಶುರು ಮಾಡಿದರು. ಮನೆಯವರೇ ಹಾಗೆ ಹೇಳಿಕೊಟ್ಟಿದ್ದರು. ಮುಂದಿನ ಸಾಲಿನಲ್ಲಿದ್ದ ಅಕ್ಕ ಎದ್ದು ನಿಂತರು.

"ಹೃದಯಾಘಾತ ಅಲ್ಲ" ಎಂದರು.

ಗಂಡ ಸೆರಗು ಹಿಡಿದೆಳೆದರು. ಅಕ್ಕ ಕೂರಲಿಲ್ಲ.

"ನನ್ನ ಮಗನಿಗೆ ಮನಸ್ಸಿನ ಕಾಯಿಲೆ ಇತ್ತು. ಜ್ವರ ಬಂದ್ರೆ ಡಾಕ್ಟ್ರ ಹತ್ರ ಓಡ್ತೇವೆ, ಇದಕ್ಕೆ ಓಡ್ಲಿಲ್ಲ. ಜನ ಎಂತ ಹೇಳ್ತಾರೋ ಅಂತ ಹೆದರಿದ್ದು. ಜನ ಅಂದ್ರೆ ಯಾರು? ನೀವೇ. ನಾನೂ ಅದೇ ಜನ. ನಿಮ್ಮ ಮನೆಯಲ್ಲಿ ಹೀಗೆ ಯಾರಾದ್ರೂ ಇದ್ರೆ ಅಡಗಿಸಿ ಇಡಬೇಡಿ. ಇಷ್ಟೇ."

ಹಿರಿಯರು ಕೈಯಲ್ಲಿದ್ದ ಹಾರವನ್ನು ಫೋಟೋಗೆ ಹಾಕಲು ಮರೆತು ಹಾಗೇ ನಿಂತಿದ್ದರು.

ಆಮೇಲೆ ಅಕ್ಕ ಒಂಟಿಯಾದರು. ಭಜನೆಯ ಹೆಂಗಸರು ಅವರ ಮನೆಗೆ ಸರದಿ ಬಂದಾಗ ಏನಾದರೊಂದು ನೆಪ ಹೇಳಿದರು. ಗಂಡ ಊಟಕ್ಕೆ ಕೂತಾಗಲೂ ಮಾತಾಡುತ್ತಿರಲಿಲ್ಲ. ಮುಂದೆ ಮಗಳು ಕೆಲಸಕ್ಕೆ ಸೇರಿದ ಮೇಲೆ ನವಿ ಮುಂಬಯಿಯಿಂದ ಬಂದ ಒಂದು ಸಂಬಂಧ, ಅಣ್ಣನ ವಿಷಯ ತಿಳಿದ ಕೂಡಲೇ ತಣ್ಣಗಾಯಿತು. ಆ ದಿನ ನಾನು ಅಲ್ಲೇ ಇದ್ದೆ. "ಜಾನೇ ದೋ ಮಮ್ಮಿ. ಛುಪಾ ಕೇ ಶಾದಿ ನಹೀ ಕರನೀ ಮುಝೇ", ಮುಚ್ಚಿಟ್ಟು ಮದುವೆಯಾಗುವುದು ತನಗೆ ಬೇಡ ಎಂದಳು ಮಗಳು. ಅಕ್ಕ ಒಳಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಆದರೂ ಬಿಡಲಿಲ್ಲ. ನವರಾತ್ರಿಯ ಶಾರದಾ ಪೂಜೆಗೆ ಒಬ್ಬ ಮನೋವೈದ್ಯರನ್ನು ಕರೆಸೋಣ, ಸ್ವಲ್ಪ ಹೊತ್ತು ಮಾತಾಡಲಿ ಎಂದು ಸಂಘದವರನ್ನು ಕೇಳಿದರು.

"ಹಬ್ಬದ ದಿನ ಅಂಥಾ ವಿಷಯ ಯಾಕಮ್ಮ?" ಎಂದರು ಕಾರ್ಯದರ್ಶಿ.

"ಹಬ್ಬದ ದಿನ ಅಲ್ವಾ ಎಲ್ಲರೂ ಬರುದು?" ಎಂದರು ಅಕ್ಕ.

ಅಂತೂ ಡಾಕ್ಟರು ಬಂದರು. ಮಾತು ಶುರುವಾಗುತ್ತಿದ್ದಂತೆ ಅರ್ಧ ಜನ ಊಟದ ಸಾಲಿಗೆ ಎದ್ದುಹೋದರು. ಉಳಿದವರಲ್ಲಿ ಒಬ್ಬ ತಾಯಿ ಕೊನೆಯಲ್ಲಿ ಡಾಕ್ಟರ ಹತ್ತಿರ ಹೋಗಿ ಪಿಸುಗುಟ್ಟಿದ್ದನ್ನು ಅಕ್ಕ ದೂರದಿಂದ ನೋಡಿ, ನನ್ನ ಮೊಣಕೈ ಒತ್ತಿ, "ಸಾಕು" ಎಂದರು. ಪ್ರತಿ ವರ್ಷ ಕರೆಸಿದರು.

ನನ್ನ ಸರದಿಯೂ ಬಂತು. ಮಗಳು ಹುಟ್ಟಿದ ಮೇಲೆ ನನಗೆ ಏನೋ ಆಯಿತು. ಕೂಸು ಅತ್ತರೆ ಪಕ್ಕದ ಕಟ್ಟಡದಲ್ಲಿ ಯಾರದೋ ಕೂಸು ಅತ್ತಂತೆ ಕೇಳಿಸುತ್ತಿತ್ತು. ಬಾಣಂತನದಾಗ ಹಿಂಗ ಆಗತದ, ಅಳಬಾರದು ಎನ್ನುತ್ತಿದ್ದರು ಅತ್ತೆ. ಒಂದು ಮಧ್ಯಾಹ್ನ ಅಕ್ಕ ಗಂಜಿ ಹಿಡಿದು ಮೇಲೆ ಬಂದರು. ಒಲೆಯ ಮೇಲೆ ಹಾಲು ಉಕ್ಕಿ ಆರಿಹೋಗಿತ್ತು. ನಾನು ಅದನ್ನು ನೋಡುತ್ತ ನಿಂತಿದ್ದೆ. ಅವರು ಗಂಜಿಯನ್ನು ಕೆಳಗಿಟ್ಟು, ನನ್ನ ಎದುರು ಬಂದು ನಿಂತು ಕೇಳಿದರು:

"ಸಾಯ್ಬೇಕು ಅಂತ ಅನಿಸ್ತದಾ ನಿಂಗೆ?"

ಹಾಲ್‌ನಲ್ಲಿದ್ದ ಅತ್ತೆ ಬೆಚ್ಚಿಬಿದ್ದರು. "ಕೂಸಿನ ಮನ್ಯಾಗ ಎಂಥಾ ಮಾತರೀ ಇದು? ಇಲ್ಲದ್ದು ತಲ್ಯಾಗ ತುಂಬತೀರಿ."

"ಕೇಳಿದ್ರೆ ಇಲ್ಲದ್ದು ಹುಟ್ಟುದಿಲ್ಲ ಅಮ್ಮ. ಇದ್ದದ್ದು ಹೊರಗೆ ಬರ್ತದೆ" ಎಂದರು ಅಕ್ಕ, ನನ್ನ ಮೇಲಿನ ಕಣ್ಣು ತೆಗೆಯದೆ.

ಹೂಂ ಎಂದೆ. ಗಂಡನಿಗೂ ಹೇಳದಿದ್ದ ಮಾತು. ಅವರು ಅಳಲಿಲ್ಲ, ಬೈಯಲಿಲ್ಲ, ಮಗುವಿನ ಮುಖ ನೋಡು ಎನ್ನಲೂ ಇಲ್ಲ. "ಆಯ್ತು. ಈಗ ನಾನು ನಿನ್ನ ಒಟ್ಟಿಗೇ ಇರ್ತೇನೆ. ಚಪ್ಪಲಿ ಹಾಕು" ಎಂದರು. ಕೂಸನ್ನು ಅತ್ತೆಯ ಮಡಿಲಿಗಿಟ್ಟು, ನನ್ನ ಗಂಡನಿಗೆ ಫೋನ್ ಮಾಡಿ ಥಾಣೆ ನಗರದ ಆಸ್ಪತ್ರೆಗೇ ಬರಲು ಹೇಳಿ, ಲೋಕಲ್‌ನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ ಕರೆದೊಯ್ದರು. ದಾರಿಯುದ್ದಕ್ಕೂ ನನ್ನ ಕೈ ಅವರ ಕೈಯಲ್ಲಿತ್ತು.

ಮನೋವೈದ್ಯರ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತಿದ್ದಾಗ ಸಂಘದ ಪರಿಚಯದ ಹೆಂಗಸೊಬ್ಬರು ಎದುರಾದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಯಾರಿಗೆ ತೋರಿಸ್ಲಿಕ್ಕೆ ಅಕ್ಕ?" ಎಂದರು ಅವರು.

"ನಂಗೇ" ಎಂದರು ಅಕ್ಕ. "ಇವಳು ಸುಮ್ಮನೆ ಜೊತೆಗೆ ಬಂದದ್ದು."

ಔಷಧಿ ಶುರುವಾಯಿತು. ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಮಗಳು ಆಕಳಿಸಿದ್ದನ್ನು ನೋಡಿ ನನಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದರು. ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ, "ನಾನೂ ಬರತೇನಿ, ನಡಿ" ಎಂದರು.

ಕಳೆದ ವರ್ಷ ಅಕ್ಕನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ಅಷ್ಟರಲ್ಲಿ ಅದು ಹರಡಿಬಿಟ್ಟಿತ್ತು. ಒಂದು ಮಧ್ಯಾಹ್ನ ಅವರ ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಆಸ್ಪತ್ರೆಯ ಕೋಣೆಯಲ್ಲಿ ನಾವಿಬ್ಬರೇ.

"ಅಕ್ಕಾ, ಅವತ್ತು ನೀವು ನನ್ನ ಕೇಳಿದ್ರಲ್ಲಾ, ನಿಮಗ ಯಾವಾಗರ ಹಂಗ ಅನಿಸಿತ್ತೇನ್ರೀ?" ಎಂದು ಕೇಳಿದೆ.

ಹೇಗೆ ಎಂದು ಅವರು ಕೇಳಲಿಲ್ಲ. "ಅವನು ಹೋದ ಮೇಲೆ ದಿನಾ ಅನಿಸ್ತಿತ್ತು" ಎಂದರು. "ಇಷ್ಟು ವರ್ಷದಲ್ಲಿ ಕೇಳಿದ್ದು ನೀನೊಬ್ಬಳು."

"ಮತ್ತ ಹೆಂಗ ತಡಕೊಂಡ್ರಿ?"

"ಅವತ್ತು ಸಂಜೆ ಬಾಗಿಲು ತೆಗೆದು ಒಳಗೆ ಹೋದದ್ದು ಮಗಳು. ಮೊದಲು ನೋಡಿದ್ದು ಅವಳೇ ಅಲ್ವಾ. ಇನ್ನೊಂದು ಸಲ ಅವಳು ಹಾಗೆ ಬಾಗಿಲು ತೆಗಿಬಾರ್ದು. ಅದಕ್ಕೆ ದಿನಾ ಸಂಜೆ ಅವಳು ಬರುವ ಹೊತ್ತಿಗೆ ನಾನೇ ಹೋಗಿ ಬಾಗಿಲು ತೆಗಿತಿದ್ದೆ. ಇವತ್ತು ತೆಗಿಬೇಕು, ಅಷ್ಟೇ. ನಾಳೆಯದ್ದು ನಾಳೆ. ಆಮೇಲಾಮೇಲೆ ಆ ಯೋಚನೆ ಬರುದು ಕಮ್ಮಿ ಆಯ್ತು."

ಮಗಳು ಔಷಧಿ ಹಿಡಿದು ಬಂದಳು. ಅಕ್ಕ ಅವಳ ಕಡೆ ತಿರುಗಿ ತುಳುವಿನಲ್ಲಿ ಏನೋ ಕೇಳಿದರು, ಬಹುಶಃ ಊಟವಾಯಿತೇ ಎಂದು.

ಗಣಪತಿ ಹಬ್ಬ ಮುಗಿದು ಒಂದು ವಾರಕ್ಕೆ ಅಕ್ಕ ಹೋದರು. ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುತ್ತಾಳೆ. ತಾನು ಕೂಸಾಗಿದ್ದಾಗ ಮನೆಯಲ್ಲಿ ಏನಾಯಿತೆಂದು ಅವಳಿಗೆ ಗೊತ್ತಿಲ್ಲ. ತಿಳಿಯುವಷ್ಟು ದೊಡ್ಡವಳಾದಾಗ ಏನನ್ನೂ ಮುಚ್ಚಿಡದೆ ಹೇಳುತ್ತೇನೆ. ಹೇಳಲು ನಾನಿದ್ದೇನೆ.