ಮಾವನವರ ಮಜಬೂತ ಬಳ್ಳಿಮನೆ

ಶಹಾಬಾದಿನಲ್ಲಿ ಯಾವುದಕ್ಕೆ ಬರ ಬಂದರೂ ಕಲ್ಲಿಗೆ ಬರವಿಲ್ಲ. ನಾನು ಮದುವೆಯಾಗಿ ಬಂದ ಮನೆಯ ನೆಲ ಫರ್ಸಿ ಕಲ್ಲಿನ ಚಪ್ಪಡಿ, ಮಾಳಿಗೆ ಫರ್ಸಿ. ದನ ನುಗ್ಗಬಾರದೆಂದು ಹಿತ್ತಿಲ ಸುತ್ತ ನೆಟ್ಟ ಬೇಲಿಯೂ ಫರ್ಸಿಯೇ. ಅಂಥಲ್ಲಿಗೆ ನಾನು ಚಿಂಚೋಳಿಯ ತವರಿನಿಂದ ಬಾಯೊಡೆದ ಗಡಿಗೆಯೊಂದನ್ನು ಹೊತ್ತು ತಂದಿದ್ದೆ. ಅದರಲ್ಲಿ ನಮ್ಮವ್ವ ನೆಟ್ಟುಕೊಟ್ಟ ಗೇಣುದ್ದದ ವೀಳ್ಯದೆಲೆಯ ಬಳ್ಳಿ. ಅದನ್ನು ನೋಡಿ ಅತ್ತೆ ಮೂಗು ಮುರಿದರು.

“ಈ ಊರ ಬ್ಯಾಸಿಗ್ಯಾಗ ಮನಶ್ಯಾರೇ ಹಪ್ಪಳ ಆಗ್ತಾರ. ಇದೇನ್ ಉಳೀತದ?”

ನಾನು ಸುಮ್ಮನಿರಬೇಕಿತ್ತು. ಹದಿನಾರರ ವಯಸ್ಸು, ಸುಮ್ಮನಿರುವ ವಿದ್ಯೆ ಇನ್ನೂ ಬಂದಿರಲಿಲ್ಲ. “ಉಳಿದ್ರ ಏನ್ ಕೊಡ್ತೀರಿ ಅತ್ಯಾರ?” ಅಂದುಬಿಟ್ಟೆ.

ಅತ್ತೆ ಅಡಕೆ ಕತ್ತರಿಸುತ್ತಲೇ ಷರತ್ತು ಹಾಕಿದರು. “ಕಾರಹುಣ್ಣಿವಿ ದಿನ ಈ ಬಳ್ಳಿದು ಒಂದು ಎಲಿ ನನ್ನ ಬಾಯಿಗೆ ಬಂದ್ರ, ಪಂಚಮಿಗೆ ನಿನ್ನ ತವರಿಗೆ ಕಳಸ್ತೀನಿ. ಇಲ್ಲಂದ್ರ ಈ ವರ್ಷ ಇಲ್ಲೇ ಜೋಕಾಲಿ ಆಡು.”

ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗುವುದು ಹೆಣ್ಣುಮಕ್ಕಳ ಹಕ್ಕು. ಕೇಳದೆಯೇ ಸಿಗುತ್ತಿದ್ದುದನ್ನು ನಾನೇ ಬಾಯಿ ಬಿಟ್ಟು ಪಣಕ್ಕೆ ಹಚ್ಚಿದ್ದೆ. ಆ ರಾತ್ರಿ ನನ್ನ ನಾಲಿಗೆಗೆ ನಾನೇ ಸಾಕಷ್ಟು ಬೈದುಕೊಂಡೆ.

ಈ ಸುದ್ದಿ ತಿಳಿದದ್ದೇ ಮಾವನವರು ಎದ್ದು ಕುಳಿತರು. ಅವರು ತಹಶೀಲ ಕಚೇರಿಯಲ್ಲಿ ಪ್ರಕರಣಗಳ ಕಡತ ಮಂಡಿಸುವ ಪೇಶ್ಕಾರರಾಗಿದ್ದವರು. ಕಚೇರಿ ಬಿಟ್ಟ ಮೇಲೆ ವಿಚಾರಣೆಗೆ ಒಂದು ಪ್ರಕರಣವೂ ಸಿಗದೆ ಒದ್ದಾಡುತ್ತಿದ್ದರು. “ಬಳ್ಳಿಗೆ ಒಂದು ಮನಿ ಬೇಕು. ಮಜಬೂತ ಇರಬೇಕು, ಸಸ್ತಾನೂ ಇರಬೇಕು,” ಎಂದು ತೀರ್ಮಾನಿಸಿ ಸಾಕ್ಷಿ ಕರೆಯತೊಡಗಿದರು. ಈಗಿನವರು ಅಂಥದಕ್ಕೆ ಹಸಿರುಮನೆ ಅನ್ನುತ್ತಾರಂತೆ. ನಮಗೆ ಅದು ಬಳ್ಳಿಮನೆ.

ಮೊದಲು ಕಣಕಿಯ, ಅಂದರೆ ಜೋಳದ ಒಣದಂಟಿನ, ಚಪ್ಪರದ ವಿಚಾರ. ನಮೂನೆಗೆಂದು ತರಿಸಿದ ಒಂದು ಹೊರೆ ಕಣಕಿಯನ್ನು ಓಣಿಯ ಆಡುಗಳು ವಿಚಾರಣೆ ಮುಗಿಯುವ ಮೊದಲೇ ತಿಂದು ಮುಗಿಸಿದವು. ಆಮೇಲೆ ಗಾಜು. ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ನಮ್ಮ ಯಜಮಾನರು ಹಳೆಯ ರೈಲುಡಬ್ಬಿಯ ಕಿಟಕಿಗಾಜು ಅಗ್ಗಕ್ಕೆ ಸಿಗುತ್ತದೆಂದು ಒಂದನ್ನು ತಂದು ತೋರಿಸಿದರು. ಮಾವನವರು ಅದನ್ನು ಮಾಳಿಗೆಯ ಮೇಲೆ ಎರಡು ಇಟ್ಟಂಗಿಗೆ ಆನಿಸಿ, ಕೆಳಗೆ ಒಂದು ಹಿಡಿ ಹಸಿ ಮೆಂತ್ಯದ ಸೊಪ್ಪು ಇಟ್ಟು ಕಾದರು. ಮಧ್ಯಾಹ್ನಕ್ಕೆ ಅದು ಮುಟ್ಟಿದರೆ ಪುಡಿಯಾಗುವಂತಿತ್ತು. ಗಾಜು ಖಾರಿಜ್.

ಉಳಿದದ್ದು ಫರ್ಸಿ. ಶಹಾಬಾದಿನವರ ಬುದ್ಧಿ ಎಲ್ಲಿ ಸುತ್ತಿದರೂ ಕೊನೆಗೆ ಬಂದು ಕೂಡುವುದು ಕಲ್ಲಿನ ಮೇಲೆಯೇ.

ಕಲ್ಲುಕೆಲಸದ ಉಸ್ತಾದ್ ಬಂದು ಬೇವಿನ ಗಿಡದ ಕೆಳಗಿನ ಜಾಗ ನೋಡಿ ತಲೆ ಕೆರೆದುಕೊಂಡ. “ಪೇಶ್ಕಾರ್ ಸಾಹೇಬ್ರ, ಗಿಡಕ್ಕ ಬೆಳಕು ಬೇಕಲ್ರಿ?”

“ಒಂದು ಕಿಂಡಿ ಇಡು,” ಅಂದರು ಮಾವನವರು.

ನಾಲ್ಕು ದಿನದಲ್ಲಿ ಮನೆ ಎದ್ದಿತು. ಮಾವನವರು ಉಸ್ತಾದನನ್ನೂ ಅವನ ಇಬ್ಬರು ಆಳುಗಳನ್ನೂ ಅದರ ಮೇಲೆ ಹತ್ತಿಸಿ ಕುಣಿಯಲು ಹೇಳಿದರು. ಹಿರಿಯರ ಮಾತು ಮೀರಬಾರದೆಂದು ಅವರು ಗಂಭೀರವಾಗಿ ಕುಣಿದರು. ಒಂದು ಚಪ್ಪಡಿಯೂ ಅಲುಗಲಿಲ್ಲ. ಗೇಣುದ್ದದ ಬಳ್ಳಿ ಎಂಥ ಜಿಗಿತ ಜಿಗಿಯುತ್ತದೆಂದು ಇವರು ಅಂದುಕೊಂಡಿದ್ದರೋ ನನಗೆ ಇಂದಿಗೂ ತಿಳಿಯದು.

ಒಳಗೆ ತಂಪೇನೋ ಇತ್ತು, ಆದರೆ ಮಟಮಟ ಮಧ್ಯಾಹ್ನವೂ ಕತ್ತಲೆ. ಗಡಿಗೆ ಒಳಗಿಟ್ಟ ಎಂಟು ದಿನಕ್ಕೆ ಬಳ್ಳಿ ಹಳದಿಗಟ್ಟಿತು. ಮಾವನವರಿಗೆ ಹೇಳುವಂತಿಲ್ಲ, ಆ ಮನೆಯನ್ನು ನೋಡಲು ಚಿತ್ತಾಪುರದ ಬೀಗರನ್ನೂ ಅವರು ಆಗಲೇ ಕರೆದಾಗಿತ್ತು. ಅಷ್ಟೇ ಅಲ್ಲ, ಪ್ರತಿ ಮಧ್ಯಾಹ್ನ ಬಳ್ಳಿಯನ್ನು ತಪಾಸು ಮಾಡುತ್ತೇನೆಂದು ಒಳಹೊಕ್ಕು, ತಂಪು ನೆಲದ ಮೇಲೆ ಗೊರಕೆ ಹೊಡೆಯಲು ಶುರುಮಾಡಿದ್ದರು.

ಹೀಗಾಗಿ ಪಡಸಾಲೆಯಲ್ಲಿದ್ದ ಅವರು ಮಧ್ಯಾಹ್ನ ಮಲಗುವ ನುಲಿಮಂಚ, ಹೊರಸು, ಖಾಲಿ ಬಿತ್ತು. ನಾನು ಅದನ್ನು ಎಳೆದೊಯ್ದು, ಗಂಡಸರು ಕಾಲಿಡದ ಬಚ್ಚಲ ಹಿಂದಿನ ಮೂಲೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದೆ. ಅದರ ನುಲಿ ಹೆಣಿಗೆಯ ಸಂದಿನಿಂದ ಬೇಕಾದಷ್ಟೇ ಬಿಸಿಲು ಇಳಿಯುತ್ತಿತ್ತು. ಬಚ್ಚಲ ನೀರಿನಿಂದ ನೆಲ ಸದಾ ಹಸಿ. ಬಳ್ಳಿಯ ಗಡಿಗೆಯನ್ನು ಕಲ್ಲುಮನೆಯಿಂದ ತಂದು ಹೊರಸಿನ ಬುಡಕ್ಕೆ ಇಟ್ಟೆ. ಹದಿನೈದು ದಿನದಲ್ಲಿ ಬಳ್ಳಿ ಹೊರಸಿನ ಕಾಲು ಹಿಡಿದು ಮೇಲೇರಿತು.

ಇತ್ತ ಕಲ್ಲುಮನೆಯಲ್ಲಿ ಬಳ್ಳಿಯಿಲ್ಲವಲ್ಲ? ಬೇರೊಂದು ಗಡಿಗೆಗೆ ಕೋಲು ನೆಟ್ಟು, ಅತ್ತೆಯ ಎಲೆಡಬ್ಬಿಯಿಂದ ಎರಡೆರಡು ಎಲೆ ಕದ್ದು ದಾರದಿಂದ ಅದಕ್ಕೆ ಕಟ್ಟಿಟ್ಟೆ. ಬಾಡುವ ಮೊದಲೇ, ಎರಡು ದಿನಕ್ಕೊಮ್ಮೆ ಬದಲಿಸುತ್ತಿದ್ದೆ. ಮಾವನವರು ಕತ್ತಲಲ್ಲಿ ಅವನ್ನು ಸವರಿ ನೋಡಿ, ಹೊರಗೆ ಬಂದು, “ಎಲಿ ಭಾಳ ತಾಜಾ ಅವ,” ಎಂದು ಸಾರುತ್ತಿದ್ದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡುತ್ತಿದ್ದೆ.

ಕಾರಹುಣ್ಣಿಮೆಯ ಊಟವಾದ ಮೇಲೆ ಹೊರಸಿನ ಬಳ್ಳಿಯಿಂದ ಒಂದು ಎಲೆ ಕಿತ್ತು, ಸುಣ್ಣ ಹಚ್ಚಿ, ಅಡಕೆ ಇಟ್ಟು ಅತ್ತೆಯ ಕೈಗೆ ಕೊಟ್ಟೆ. ಮಾವನವರು ಎದುರಿಗೇ ಕುಳಿತು, “ನೋಡ್ದ್ಯಾ, ಮನಿ ಮಜಬೂತ ಇದ್ರ ಬಳ್ಳಿ ತಾನಽ ಬೆಳೀತದ,” ಎಂದು ಮೀಸೆ ತಿರುವಿದರು. ಅತ್ತೆ ನಿಧಾನವಾಗಿ ಅಗಿದರು. ಮಾವನವರು ಎದ್ದು ಮಧ್ಯಾಹ್ನದ ತಪಾಸಣೆಗೆ ಹೋದ ಮೇಲೆ ಅತ್ತೆ ಬಾಯಿ ತೆರೆದರು.

“ಇದು ನನ್ನ ಡಬ್ಬಿ ಎಲಿ ಅಲ್ಲ. ಬಚ್ಚಲ ಹಿಂದಿಂದು.”

“ನಿಮಗ ಹ್ಯಾಂಗ ಗೊತ್ತಾತ್ರಿ?”

“ನನ್ನ ಡಬ್ಬ್ಯಾಗ ಎಷ್ಟು ಎಲಿ ಇರ್ತಾವ ನನಗ ಗೊತ್ತಿಲ್ಲೇನು? ಮೊದಲನೇ ವಾರದಾಗೇ ಗೊತ್ತಾತು. ಆಮ್ಯಾಲ ಎರಡು ದಿನಕ್ಕೊಮ್ಮೆ ಎರಡು ಜಾಸ್ತಿ ಇಡಾಕತ್ತೆ.”

“ಮತ್ತ ಯಾಕ್ ಸುಮ್ಮನಿದ್ರಿ ಅತ್ಯಾರ?”

ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. “ತವರು ಸನ್ನತಿಯಿಂದ ನಾ ಬರೂವಾಗ ಮಲ್ಲಿಗಿ ತಂದಿದ್ದೆ. ನಮ್ಮತ್ತಿನೂ ಹಿಂಗಽ ಅಂದಿದ್ರು, ಮಲ್ಲಿಗಿ ಬ್ಯಾಸಿಗಿ ದಾಟಲಿ, ಪಂಚಮಿಗೆ ತವರಿಗೆ ಕಳಸ್ತೀನಿ ಅಂತ. ನಂದು ದಾಟಲಿಲ್ಲ.”

ಅವರ ಮೇಲೆ ಸಿಟ್ಟು ಕಟ್ಟಿಕೊಂಡು ಕಳೆದ ಇಡೀ ಬೇಸಿಗೆ ನೆನಪಾಗಿ ನಾಚಿಕೆಯಾಯಿತು. ಬೇವಿನ ಕೆಳಗಿಂದ ಮಾವನವರ ಗೊರಕೆ ಕೇಳುತ್ತಿತ್ತು.

ಅತ್ತೆ ಆ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. “ಪಂಚಮಿಗೆ ಹೋಗು. ತಿಂಗಳು ಇದ್ದು ಬಾ. ಅಲ್ಲೀತನಕ ಆ ಕೋಲಿಗೆ ಎಲಿ ನಾ ಕಟ್ತೀನಿ.”