ಹ್ಯಾಟೆ ಯಾವುದು, ಹುಂಜ ಯಾವುದು

ದಬ್ಬೇಘಟ್ಟದ ಸುತ್ತಮುತ್ತ ಕೋಳಿ ಸಾಕುವ ಹೆಂಗಸರಿಗೆಲ್ಲ ಗಂಗಲಕ್ಷ್ಮಿ ಗೊತ್ತು. ತಿಂಗಳ ಮರಿಯನ್ನು ಅಂಗೈ ಮೇಲೆ ಕೂರಿಸಿಕೊಂಡು, ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ನೋಡಿ, ಇದು ಹ್ಯಾಟೆ, ಇದು ಹುಂಜ ಎಂದುಬಿಡುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸರಿಹೋಗುತ್ತಿತ್ತು. ಮೊಟ್ಟೆಯೊಡೆದು ಎರಡು ದಿನವಾದ ಮರಿಯನ್ನು ತಂದರೆ ಮಾತ್ರ, "ಈಗ್ಲೇ ಏನ್ ಹೇಳ್ಲಿ? ಜುಟ್ಟು ಮೂಡ್ಲಿ, ಆಮೇಲ್ ತಗಂಬಾ" ಎಂದು ವಾಪಸು ಕಳಿಸುತ್ತಿದ್ದಳು.

ಗಂಡ ಕಾಮಾಲೆಯಾಗಿ ತೀರಿಕೊಂಡಾಗ ಅವಳಿಗೆ ಮೂವತ್ತೊಂದು. ಮಕ್ಕಳಿರಲಿಲ್ಲ. ಅತ್ತೆ ಹೊಂಬಾಳಮ್ಮ, ಅರವತ್ತು ತೆಂಗಿನ ಮರ, ಒಂದು ಹಸು, ಹಿತ್ತಲ ತುಂಬ ಕೋಳಿ. ಹಾಗೆಯೇ ಹದಿನೈದು ವರ್ಷ ಕಳೆದಿತ್ತು.

ಪ್ರತಿ ಗುರುವಾರ ಮಾಯಸಂದ್ರದ ಆಂಜನಪ್ಪ ಟಿವಿಎಸ್‌ನ ಹಿಂದೆ ಎರಡು ಮಂಕರಿ ಕಟ್ಟಿಕೊಂಡು ನಾಟಿ ಕೋಳಿಮರಿ ಮಾರಲು ಬರುತ್ತಿದ್ದ. ಐವತ್ತು ದಾಟಿದ ಮನುಷ್ಯ, ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಅವನ ಹಾರ್ನ್ ಕೇಳಿದ ಕೂಡಲೇ ಬೀದಿಯ ಹೆಂಗಸರು ಗಂಗಲಕ್ಷ್ಮಿಯನ್ನು ಕರೆಯುತ್ತಿದ್ದರು. ಅವಳು ಮಂಕರಿಗೆ ಕೈಹಾಕಿ ಹ್ಯಾಟೆಗಳನ್ನೆಲ್ಲ ಆರಿಸಿ ಕೊಟ್ಟುಬಿಡುತ್ತಿದ್ದಳು. ಮೊಟ್ಟೆ ಬೇಕಾದವರಿಗೆ ಹುಂಜ ಯಾಕೆ?

ಒಂದು ದಿನ ಆಂಜನಪ್ಪ ಗಾಡಿ ಆಫ್ ಮಾಡಿ ಅವಳ ಮನೆಯ ಜಗಲಿಯ ಮೇಲೆ ಕುಳಿತುಬಿಟ್ಟ.

"ಹಿಂಗಾದ್ರೆ ನನ್ ಗತಿ ಏನು ಗಂಗಲಕ್ಷ್ಮಮ್ಮ? ಬರೀ ಹುಂಜ ಹೊತ್ಕಂಡು ಮುಂದ್ಲೂರಿಗೆ ಹೆಂಗ್ ಹೋಗ್ಲಿ?"

ಅವನು ಹೇಳಿದ್ದು ನಿಜವೇ ಆಗಿತ್ತು.

"ನಂಗೂ ಕಲ್ಸಿಕೊಡಿ ಮತ್ತೆ, ಊರೂರಿಗೂ ಸಮ ಪಾಲ್ ಮಾಡ್ಕತೀನಿ," ಎಂದ.

ಅಂದಿನಿಂದ ಪಾಠ ಶುರುವಾಯಿತು. ಮಾರಾಟ ಮುಗಿದ ಮೇಲೆ ಅವನು ಜಗಲಿಗೆ ಬಂದು ಒಂದೊಂದೇ ಮರಿಯನ್ನು ಎತ್ತಿ ಹಿಡಿಯುತ್ತಿದ್ದ. ಹುಂಜದ ಜುಟ್ಟು ಬೇಗ ಕೆಂಪಗಾಗುತ್ತದೆ, ಕಾಲು ದಪ್ಪ. ಹ್ಯಾಟೆಗೆ ಬಾಲದ ಪುಕ್ಕ ಮೊದಲು ಬರುತ್ತದೆ. ಅವಳು ಹೇಳುತ್ತಿದ್ದಳು, ಅವನು ತಲೆಯಾಡಿಸಿ ಕೇಳುತ್ತಿದ್ದ, ಮತ್ತೆ ತಪ್ಪು ಹೇಳುತ್ತಿದ್ದ. ಮೋಟು ಬಾಲದ, ದಪ್ಪ ಕಾಲಿನ ಮರಿಯನ್ನು ಹಿಡಿದು "ಇದು ಹ್ಯಾಟೆನೇ ಕಣ್ರೀ" ಎಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಒಳಗೆ ಕಡ್ಡಿ ಪೊರಕೆ ಕಟ್ಟುತ್ತಿದ್ದ ಹೊಂಬಾಳಮ್ಮ ಆ ನಗು ಕೇಳಿ ಕೈ ನಿಲ್ಲಿಸಿದ್ದು ಅವಳಿಗೆ ಗೊತ್ತಾಗಲಿಲ್ಲ.

ಊರಿನ ಹೆಂಗಸರೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದರು. ಗಂಗಲಕ್ಷ್ಮಿಯ ಬಾಯಲ್ಲಿ ಆ ಮಾತು ಬರಲೇ ಇಲ್ಲ. ಗುರುವಾರ ಬೆಳಗ್ಗೆ ಒಗೆದ ಸೀರೆ ಉಡುತ್ತಿದ್ದಳು, ಕಾಪಿಗೆ ಹಾಲು ಎತ್ತಿಡುತ್ತಿದ್ದಳು. ಇನ್ನೊಂದು ಗುರುತೂ ಇತ್ತು, ಅವಳ ತಾಯಿ ತೋರಿಸಿಕೊಟ್ಟದ್ದು. ಹುಂಜದ ಮರಿಗೆ ರೆಕ್ಕೆಯ ಬುಡದಲ್ಲಿ ಪುಕ್ಕ ತಡವಾಗಿ ತುಂಬುತ್ತದೆ. ಅದನ್ನು ಮಾತ್ರ ಅವನಿಗೆ ಹೇಳಲಿಲ್ಲ. ಹೇಳಿಬಿಟ್ಟರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಅನಿಸಿತ್ತು.

ಹೀಗೆ ಎರಡು ವರ್ಷ. ಹೋದ ಆಷಾಢದ ಒಂದು ಗುರುವಾರ ಅವನು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಫೋನ್ ನಂಬರು ಅವಳ ಹತ್ತಿರ ಇರಲಿಲ್ಲ. ಏನೆಂದು ಕೇಳಿ ಇಸಿದುಕೊಳ್ಳುವುದು? ಊರಿನಲ್ಲಿ ಟಿವಿಎಸ್ ಇಟ್ಟವರು ಹತ್ತಾರು ಮಂದಿ. ಪ್ರತಿ ಸದ್ದಿಗೂ ಅವಳ ಕೈಯ ಕೆಲಸ ನಿಲ್ಲುತ್ತಿತ್ತು, ಸದ್ದು ಮುಂದೆ ಹೋದ ಮೇಲೆ ಮತ್ತೆ ಸಾಗುತ್ತಿತ್ತು. ದೀಪಾವಳಿ ಕಳೆಯಿತು. ಬೇರೆ ಯಾರೋ ಆಟೋದಲ್ಲಿ ಮರಿ ತಂದರು. ಹೆಂಗಸರು ಕರೆದರೆ ಹೋಗಿ ಆರಿಸಿಕೊಟ್ಟು ಸುಮ್ಮನೆ ಬಂದಳು.

ಒಂದು ಬೆಳಗ್ಗೆ ಹೊಂಬಾಳಮ್ಮನೇ ಮಾತು ತೆಗೆದಳು. "ಎಷ್ಟ್ ದಿನ ಹಿಂಗ್ ಬೀದಿಗೆ ಕಿವಿ ಕೊಟ್ಕಂಡ್ ಕುಂತಿರ್ತೀಯೇ? ಮಾಯಸಂದ್ರ ಏನ್ ಕಾಶಿನಾ? ಬಸ್ ಹತ್ತಿ ಹೋಗಿ ನೋಡ್ಕಂಬಾ."

ಗಂಗಲಕ್ಷ್ಮಿಗೆ ಮುಖ ಎತ್ತಲಾಗಲಿಲ್ಲ. "ಜನ ಏನಂತಾರತ್ತೆ?"

"ಕೋಳಿಮರಿ ತರಾಕ್ ಹೋಗವ್ಳೆ ಅಂತಾರೆ ಬುಡು."

ಮಾಯಸಂದ್ರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆಂಜನಪ್ಪನ ಸೊಸೆ ಕೃತಿಕಾ ಬಾಗಿಲಿಗೆ ಬಂದಳು.

"ಮಾವ ಗಾಡಿಯಿಂದ ಬಿದ್ದು ಸೊಂಟ ಮುರ್ಕಂಡ್ರು ಕಣಮ್ಮ. ಆಪರೇಷನ್ ಆಯ್ತು. ಈಗ ಕಡೂರಲ್ಲಿ ಅವ್ರ ಮಗಳ ಮನೇಲವ್ರೆ. ಮರಿ ಬೇಕಿತ್ತಾ? ಬನ್ನಿ."

ಹಿತ್ತಲಿನ ಶೆಡ್ಡಿನಲ್ಲಿ ನಡುವೆ ಜಾಲರಿ ಕಟ್ಟಿ ಮರಿಗಳನ್ನು ಎರಡು ಪಾಲು ಮಾಡಿದ್ದರು. ಗಂಗಲಕ್ಷ್ಮಿ ಬಗ್ಗಿ ನೋಡಿದಳು. ಈ ಕಡೆ ಎಲ್ಲ ಹ್ಯಾಟೆ, ಆ ಕಡೆ ಎಲ್ಲ ಹುಂಜ. ಒಂದೂ ತಪ್ಪಿರಲಿಲ್ಲ.

"ಯಾರು ಬೇರೆ ಮಾಡಿದ್ದು?"

"ನಾನೇ. ಮದ್ವೆಯಾಗಿ ಬಂದ ವರ್ಷಾನೇ ಮಾವ ಕಲ್ಸಿದ್ರು, ಆರು ವರ್ಷ ಆಯ್ತು. ರೆಕ್ಕೆ ಬುಡ ನೋಡ್ಬೇಕು ಕಣಮ್ಮ, ಹುಂಜಕ್ಕೆ ಅಲ್ಲಿ ಪುಕ್ಕ ಬರೋದು ತಡ. ಅವ್ರಿಗೆ ಚಿಕ್ಕ ವಯಸ್ಸಿಂದ್ಲೇ ಗೊತ್ತಂತೆ."

ಗಂಗಲಕ್ಷ್ಮಿ ಜಾಲರಿಯಾಚೆ ಕೈಹಾಕಿ ಒಂದು ಮರಿಯ ರೆಕ್ಕೆ ಎತ್ತಿ ನೋಡಿದಳು. ಆಮೇಲೆ ಬೇಡದಿದ್ದರೂ ನಾಲ್ಕು ಮರಿ ಕೊಂಡು, ಆಂಜನಪ್ಪನ ನಂಬರು ಬರೆಸಿಕೊಂಡಳು.

ಫೋನ್ ಮಾಡಲು ಒಂಬತ್ತು ದಿನ ಹಿಡಿಯಿತು. ತೋಟದ ಬೇಲಿಯ ಹತ್ತಿರ ನಿಂತು ಮಾಡಿದಳು.

"ನಾನು... ದಬ್ಬೇಘಟ್ಟದಿಂದ."

"ಗಂಗಲಕ್ಷ್ಮಮ್ಮ?"

ಕಾಲು, ಸೊಂಟ, ಮಾತ್ರೆ ಎಲ್ಲ ವಿಚಾರಿಸಿದ ಮೇಲೆ ಅವಳು ಕೇಳಿಯೇಬಿಟ್ಟಳು. "ಎಲ್ಲಾ ಗೊತ್ತಿದ್ದೂ ಯಾಕ್ ತಪ್ಪು ಹೇಳ್ತಿದ್ರಿ?"

"ಸರಿಯಾಗ್ ಹೇಳಿದ್ರೆ ನೀವು ಎದ್ದು ಒಳೀಕ್ ಹೋಗ್ತಿದ್ರಿ."

"ನಾನೂ ಒಂದ್ ಗುರುತು ಹೇಳ್ದೆ ಮುಚ್ಚಿಟ್ಟಿದ್ದೆ."

"ಅದೂ ಗೊತ್ತಿತ್ತು," ಎಂದ ಆಂಜನಪ್ಪ. ಕೋಲು ಹಿಡಿದು ಬಾಗಿಲತನಕ ನಡೆಯುತ್ತಾನಂತೆ. ಗಾಡಿ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದಾರಂತೆ. "ಬತ್ತೀನಿ ಅಂತ ಹೆಂಗ್ ಹೇಳ್ಲಿ?"

ನಾನೇ ಬರುತ್ತೇನೆ ಎಂಬ ಮಾತು ಅವಳ ನಾಲಿಗೆಯವರೆಗೂ ಬಂತು. "ಹುಷಾರಾಗಿರಿ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಇದಾಗಿ ನಾಲ್ಕು ತಿಂಗಳು. ಮೊನ್ನೆ ಕೊಬ್ಬರಿ ಮಂಡಿಗೆ ಹಾಕಲು ತಿಪಟೂರಿಗೆ ಹೋದವಳು, ಕೆಲಸ ಮುಗಿದ ಮೇಲೆ ರೈಲ್ವೆ ಸ್ಟೇಷನ್ನಿನತನಕ ನಡೆದುಹೋದಳು. ಕಡೂರಿನ ಕಡೆ ಹೋಗುವ ರೈಲು ಬಂದು ನಿಂತು, ಜನ ಹತ್ತಿ, ಹೊರಟಿತು. ಕೊನೆಯ ಬೋಗಿ ಕಣ್ಮರೆಯಾಗುವವರೆಗೂ ನೋಡುತ್ತಿದ್ದು, ಊರಿನ ಬಸ್ಸು ಹಿಡಿಯಲು ತಿರುಗಿ ನಡೆದಳು.